ಎಲ್ಲರನ್ನೂ ಬಿಡಿ, ಗಾಯಾಳುವನ್ನು ಮೊದಲು ಬಿಡಿ

ಜನವರಿ 26ರ ಬೆಳಿಗ್ಗೆ ತುಮಕೂರು ಸೀಮೆಯ ಬೆಳ್ಳಾವಿಯಂಥ ಹೋಬಳಿ ಊರಿನ ಶಾಲೆಯ ಅಂಗಳದಲ್ಲಿ ಬಾವುಟ ಹಾರಿದ ಮೇಲೆ ಭಾಷಣಗಳ ಸರದಿ. ಅಂಥ ಭಾಷಣಗಳಲ್ಲಿ ಒಂದು ಕಥೆ ಮತ್ತೆ ಮತ್ತೆ ಬರುತ್ತದೆ. ಕೊಡಗಿನ ಜನರಲ್ ಕಾರ್ಯಪ್ಪನವರ ಮಗ ಯುದ್ಧದಲ್ಲಿ ಪಾಕಿಸ್ತಾನದ ಕೈಗೆ ಸಿಕ್ಕಿಬಿದ್ದ. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಬಿಟ್ಟು ಕಳಿಸುತ್ತೇನೆ ಎಂದರು. ಅಪ್ಪ ಬೇಡ ಎಂದುಬಿಟ್ಟರು. ಮೇಷ್ಟರ ದನಿ ಅಲ್ಲಿಗೆ ಏರುತ್ತದೆ, ಚಪ್ಪಾಳೆ ಬೀಳುತ್ತದೆ, ಸಿಹಿ ಹಂಚಿ ಮಕ್ಕಳು ಮನೆಗೆ ಹೋಗುತ್ತಾರೆ. ಆ ಮಗನ ಬೆನ್ನಿಗೆ ಏನಾಗಿತ್ತು, ಅವನು ಯಾವಾಗ, ಹೇಗೆ ಊರು ಸೇರಿದ ಎಂದು ಯಾರೂ ಕೇಳುವುದಿಲ್ಲ. ಹೇಳುವವರೂ ಕಥೆಯನ್ನು ಅಲ್ಲಿಯವರೆಗೆ ಒಯ್ಯುವುದಿಲ್ಲ.

ಒಯ್ಯಬೇಕಾಗಿತ್ತು. ಯಾಕೆಂದರೆ ಕಥೆಯ ಉಳಿದರ್ಧದಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಒಂದು ಕಾನೂನು ಅಡಗಿದೆ.

1965ರ ಸೆಪ್ಟೆಂಬರ್ 22. ಕದನವಿರಾಮ ಜಾರಿಗೆ ಬರಲು ಇನ್ನು ಗಂಟೆಗಳ ಲೆಕ್ಕ. ವಾಯುಪಡೆಯ 20ನೇ ಸ್ಕ್ವಾಡ್ರನ್ನಿನ ಹಂಟರ್ ವಿಮಾನಗಳು ಪಂಜಾಬ್ ಗಡಿಯಲ್ಲಿ ನೆಲದ ಗುರಿಗಳ ಮೇಲೆ ಎರಗಿದ್ದವು. ಕೆಳಗಿನಿಂದ ಹಾರಿಬಂದ ಗುಂಡುಗಳು ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಅವರ ವಿಮಾನಕ್ಕೆ ಬಡಿದವು. ಮನೆಯಲ್ಲಿ, ಗೆಳೆಯರ ನಡುವೆ ಅವರು ನಂದಾ. ಆಗ ವಯಸ್ಸು 27. ಬೆಂಕಿ ಹತ್ತಿದ ವಿಮಾನದಿಂದ ಹೊರಗೆ ಚಿಮ್ಮಿ ನೆಲಕ್ಕೆ ಬಿದ್ದಾಗ ಬೆನ್ನುಮೂಳೆಗೆ ಪೆಟ್ಟಾಗಿತ್ತು, ಏಳಲು ಆಗುತ್ತಿರಲಿಲ್ಲ. ಬಿದ್ದದ್ದು ನಮ್ಮ ಕಡೆಯ ನೆಲದಲ್ಲೇ ಎಂದು ಅವರು ಮೊದಲು ಭಾವಿಸಿದ್ದರು. ಸುತ್ತ ನೆರೆದವರು ಪಾಕಿಸ್ತಾನದ ಸೈನಿಕರೆಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ.

ಯುದ್ಧಕೈದಿ ಹೇಳಬೇಕಾದದ್ದು ನಾಲ್ಕೇ ಸಂಗತಿ: ಹೆಸರು, ದರ್ಜೆ, ಹುಟ್ಟಿದ ದಿನ, ಸೇನಾ ಸಂಖ್ಯೆ. ನಂದಾ ಅವರ ವಿಷಯದಲ್ಲಿ ಹೆಸರೊಂದೇ ಸಾಕಾಯಿತು. ಕಾರ್ಯಪ್ಪ ಎಂಬ ಹೆಸರು ಪಾಕಿಸ್ತಾನದ ಹಿರಿಯ ಸೇನಾಧಿಕಾರಿಗಳಿಗೆ ಹೊಸದಾಗಿರಲಿಲ್ಲ. ವಿಭಜನೆಗೆ ಮುಂಚೆ ಇಬ್ಬರದೂ ಒಂದೇ ಸೇನೆ. ಅಯೂಬ್ ಖಾನ್ ಸ್ವತಃ ಹಿರಿಯ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಹುಡುಗ ಕ್ಷೇಮವಾಗಿದ್ದಾನೆ ಎಂದು ಅವರು ದೆಹಲಿಯಲ್ಲಿದ್ದ ತಮ್ಮ ಹೈಕಮಿಷನರ್ ಮೂಲಕ ತಂದೆಗೆ ತಿಳಿಸಿದರು, ಬಯಸಿದರೆ ಬಿಡುಗಡೆ ಮಾಡುವುದಾಗಿಯೂ ಹೇಳಿಕಳಿಸಿದರು. ತಂದೆ ಕೃತಜ್ಞತೆ ಹೇಳಿದರು, ಕೊಡುಗೆಯನ್ನು ಒಪ್ಪಲಿಲ್ಲ. ಸೆರೆಯಲ್ಲಿರುವ ಪ್ರತಿಯೊಬ್ಬನೂ ತಮ್ಮ ಮಗನೇ, ಬಿಡುವುದಾದರೆ ಎಲ್ಲರನ್ನೂ ಬಿಡಿ, ಇವನೊಬ್ಬನಿಗೆ ವಿಶೇಷ ಉಪಚಾರ ಬೇಡ ಎಂಬುದು ಅವರ ಉತ್ತರದ ತಿರುಳು. ಕುಟುಂಬದವರೂ ಜೀವನಚರಿತ್ರೆ ಬರೆದವರೂ ಇದನ್ನು ಹೇಳುತ್ತ ಬಂದಿದ್ದಾರೆ.

ಹೇಳಿ ಹೇಳಿ ಕಥೆಗೆ ಒಂದೆರಡು ತಪ್ಪೂ ಅಂಟಿಕೊಂಡಿದೆ. 1965ರಲ್ಲಿ ಕೊಡಂದೇರ ಮಾದಪ್ಪ ಕಾರ್ಯಪ್ಪ ಫೀಲ್ಡ್ ಮಾರ್ಷಲ್ ಆಗಿರಲಿಲ್ಲ. ಆ ಗೌರವ ಬಂದದ್ದು 1986ರಲ್ಲಿ. 1949ರ ಜನವರಿ 15ರಂದು ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡವರು 1953ರಲ್ಲೇ ನಿವೃತ್ತರಾಗಿ, ಆಸ್ಟ್ರೇಲಿಯಾ–ನ್ಯೂಜಿಲೆಂಡ್‌ಗಳಿಗೆ ಹೈಕಮಿಷನರ್ ಆಗಿ ಹೋಗಿಬಂದು, ಮಡಿಕೇರಿಯ ‘ರೋಶನಾರಾ’ ಮನೆಯಲ್ಲಿ ನೆಲೆಸಿದ್ದರು. ಅಂದರೆ ಅಯೂಬರಿಗೆ ಉತ್ತರ ಕೊಟ್ಟದ್ದು ಒಬ್ಬ ಸೇನಾಪತಿಯಲ್ಲ, ಒಬ್ಬ ನಿವೃತ್ತ ತಂದೆ. ಸರ್ಕಾರದ ಪರವಾಗಿ ಕೊಡಲು ಅವರ ಬಳಿ ಏನೂ ಇರಲಿಲ್ಲ, ಕಳೆದುಕೊಳ್ಳಲು ಮಗನಿದ್ದ. ಹಾಗೆ ನೋಡಿದರೆ ಆ ಉತ್ತರದ ತೂಕ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಆದರೂ ಒಂದು ಮಾತನ್ನು ಬಿಡಿಸಿ ನೋಡಬೇಕು. ಆ ದಿನ ಪಾಕಿಸ್ತಾನದ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ ಯುವಕನಿಗೆ ಎರಡು ಗುರುತುಗಳಿದ್ದವು. ಅವನು ಜನರಲ್ ಕಾರ್ಯಪ್ಪನವರ ಮಗ. ಅವನು ಬೆನ್ನುಮೂಳೆ ಜಖಂಗೊಂಡ ಯುದ್ಧಕೈದಿ. ಮೊದಲ ಗುರುತಿನ ಮೇಲೆ ಬರುವ ಬಿಡುಗಡೆ ಉಪಕಾರ. ಅದನ್ನು ಬೇಡ ಎನ್ನುವ ಹಕ್ಕು ತಂದೆಗಿತ್ತು, ಅವರು ಅದನ್ನು ಚಲಾಯಿಸಿದರು. ಎರಡನೆಯ ಗುರುತಿನ ಮೇಲೆ ಬರಬಹುದಾದ ಬಿಡುಗಡೆ ಯಾರ ಉಪಕಾರವೂ ಅಲ್ಲ. ಅದನ್ನು ಅಯೂಬ್ ಖಾನ್ ದಾನವಾಗಿ ಕೊಡುವ ಹಾಗಿಲ್ಲ, ಅಪ್ಪ ಬೇಡ ಎನ್ನುವ ಹಾಗೂ ಇಲ್ಲ. ಶಾಲೆಯ ಅಂಗಳದ ಭಾಷಣದಲ್ಲಿ ಈ ಎರಡೂ ಒಂದರೊಳಗೊಂದು ಕಲಸಿಹೋಗಿ, ಗಾಯಾಳು ಬೇಗ ಮನೆಗೆ ಬರಲು ಬಯಸುವುದೇ ಹೇಡಿತನ ಎಂಬ ಅರ್ಥ ಮಕ್ಕಳ ತಲೆಗೆ ಹೋಗುವ ಅಪಾಯವಿದೆ.

1949ರ ಆಗಸ್ಟ್ 12ರ ಮೂರನೇ ಜಿನೀವಾ ಒಪ್ಪಂದ ಇರುವುದು ಯುದ್ಧಕೈದಿಗಳಿಗಾಗಿ. ಭಾರತ ಅದನ್ನು 1950ರಲ್ಲಿ, ಪಾಕಿಸ್ತಾನ 1951ರಲ್ಲಿ ಅಂಗೀಕರಿಸಿದವು. ಅದರ 109ನೇ ವಿಧಿ ಹೇಳುವುದು ಸರಳ: ತೀವ್ರವಾಗಿ ಗಾಯಗೊಂಡ, ತೀವ್ರ ಕಾಯಿಲೆಯ ಕೈದಿಗಳನ್ನು, ಪ್ರಯಾಣ ತಡೆಯುವಷ್ಟು ಚೇತರಿಸಿಕೊಂಡ ಕೂಡಲೇ, ಯುದ್ಧ ಮುಗಿಯುವುದನ್ನು ಕಾಯದೆ, ಅವರವರ ದೇಶಕ್ಕೆ ಕಳಿಸಲೇಬೇಕು. ಎಷ್ಟು ಜನ, ಯಾವ ದರ್ಜೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಈ ಕಡೆಯಿಂದ ಹತ್ತು, ಆ ಕಡೆಯಿಂದ ಹತ್ತು ಎಂಬ ಸಂತೆ ವ್ಯಾಪಾರಕ್ಕೂ ಅಲ್ಲಿ ಜಾಗವಿಲ್ಲ. ಯುದ್ಧ ನಡೆಯುತ್ತಿರುವಾಗ ಗಾಯಾಳುವಿನ ಇಷ್ಟಕ್ಕೆ ವಿರುದ್ಧವಾಗಿ ಅವನನ್ನು ಕಳಿಸುವಂತೆಯೂ ಇಲ್ಲ. ಇಷ್ಟ ಎಂದರೆ ಅವನ ಇಷ್ಟ, ಅವನ ಅಪ್ಪನದಲ್ಲ, ಪ್ರಧಾನಮಂತ್ರಿಯದೂ ಅಲ್ಲ.

ಯಾರು ‘ತೀವ್ರ ಗಾಯಾಳು’? ಅದನ್ನು 110ನೇ ವಿಧಿ ಹೇಳುತ್ತದೆ. ವಾಸಿಯಾಗದ ಗಾಯದಿಂದ ದೇಹ–ಮನಸ್ಸಿನ ಶಕ್ತಿ ಬಹಳ ಕುಂದಿದವರು; ಒಂದು ವರ್ಷದೊಳಗೆ ಗುಣವಾಗಲಾರರು ಎಂದು ವೈದ್ಯರು ಹೇಳುವವರು; ಗುಣವಾದರೂ ಶಾಶ್ವತ ಊನ ಉಳಿದವರು. ತೀರ್ಮಾನಿಸಲು ಮೂವರು ಸದಸ್ಯರ ಮಿಶ್ರ ವೈದ್ಯಕೀಯ ಆಯೋಗ: ಇಬ್ಬರು ತಟಸ್ಥ ದೇಶಗಳ ವೈದ್ಯರು, ಒಬ್ಬರು ಸೆರೆ ಹಿಡಿದ ದೇಶದವರು. ಹೀಗೆ ಮನೆಗೆ ಬಂದವರನ್ನು ಮತ್ತೆ ಸಕ್ರಿಯ ಸೇನಾ ಕೆಲಸಕ್ಕೆ ಹಚ್ಚಬಾರದು ಎಂದು 117ನೇ ವಿಧಿ ಕಟ್ಟು ಹಾಕಿದೆ. ನಂದಾ ಅವರ ಬೆನ್ನು ಈ ಅಳತೆಗೆ ಸರಿಹೊಂದುತ್ತಿತ್ತೇ ಎಂಬುದು ಎಕ್ಸ್‌ರೇ ನೋಡಿದ ವೈದ್ಯರು ಹೇಳಬೇಕಿದ್ದ ಮಾತು. ಅಯೂಬ್ ಖಾನರ ಹಳೆಯ ಸ್ನೇಹಕ್ಕೂ ಆ ಪ್ರಶ್ನೆಗೂ ಸಂಬಂಧವಿರಲಿಲ್ಲ.

ನಂದಾ ಮರಳಿದ್ದು 1966ರ ಜನವರಿ 22ರಂದು. ತಾಷ್ಕೆಂಟ್ ಒಪ್ಪಂದಕ್ಕೆ ಸಹಿ ಬಿದ್ದು 12 ದಿನಗಳಾಗಿದ್ದವು. ಅವರು ಸೆರೆಸಿಕ್ಕ ದಿನಕ್ಕೆ ಸರಿಯಾಗಿ ನಾಲ್ಕು ತಿಂಗಳು. ಈ ನಡುವೆ ಅವರು ಒಂಟಿ ಕೋಣೆಯನ್ನೂ ಕಂಡರು, ಸೇನಾ ಆಸ್ಪತ್ರೆಯನ್ನೂ ಕಂಡರು. ಅಯೂಬರ ಮಗ ಆಸ್ಪತ್ರೆಗೆ ಬಂದು ಸಿಗರೇಟು ಮತ್ತು ವುಡ್‌ಹೌಸನ ಒಂದು ಕಾದಂಬರಿ ಕೊಟ್ಟುಹೋದದ್ದನ್ನು ಅವರೇ ಮುಂದೆ ನೆನೆದಿದ್ದಾರೆ. ಆಮೇಲೆ ವಾಯುಪಡೆಯಲ್ಲೇ ಮುಂದುವರಿದು ಏರ್ ಮಾರ್ಷಲ್ ಹುದ್ದೆಗೇರಿ ನಿವೃತ್ತರಾದರು, ತಂದೆಯ ಜೀವನಚರಿತ್ರೆಯನ್ನೂ ಬರೆದರು. ಮಗನ ಬಾಳಿನ ಇಷ್ಟೂ ಭಾಗ ನಮ್ಮ ಭಾಷಣಗಳಿಂದ ಬಿಟ್ಟುಹೋಗಿದೆ.

ಗಾಯಾಳು ಕೈದಿಯನ್ನು ಬೇಗ ಕಳಿಸಬೇಕು, ಕಳಿಸಿದ ಮೇಲೆ ಅವನು ಮತ್ತೆ ಕತ್ತಿ ಹಿಡಿಯಬಾರದು ಎಂಬ ಜೋಡಿ ನಿಯಮ ಯಾಕೆ ಬೇಕಾಯಿತು ಎಂದು ತಿಳಿಯಲು ಜಿನೀವಾಕ್ಕೆ ಹೋಗಬೇಕಿಲ್ಲ. ಶ್ರೀರಂಗಪಟ್ಟಣಕ್ಕೆ ಹೋದರೆ ಸಾಕು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಟಿಪ್ಪುವಿನ ಪಡೆಗಳು ಕರ್ನಲ್ ವಿಲಿಯಂ ಬೇಯ್ಲಿಯ ಇಂಗ್ಲಿಷ್ ಸೈನ್ಯವನ್ನು ಮಣ್ಣುಮುಕ್ಕಿಸಿದವು. ಗಾಯಗೊಂಡ ಬೇಯ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದು 1782ರಲ್ಲಿ ಅಲ್ಲೇ ಸತ್ತ. ಇಂದು ಪ್ರವಾಸಿಗಳು ಇಣುಕಿ ನೋಡುವ ಸೆರೆಮನೆಗೆ ಅವನದೇ ಹೆಸರು. ಅದೇ ಕದನದಲ್ಲಿ ಗಾಯಗೊಂಡು ಸಿಕ್ಕಿಬಿದ್ದ ಇನ್ನೊಬ್ಬ ಅಧಿಕಾರಿ ಡೇವಿಡ್ ಬೇರ್ಡ್. ಕೈದಿಗಳನ್ನು ಜೋಡಿ ಜೋಡಿಯಾಗಿ ಸರಪಳಿಯಲ್ಲಿ ಬಿಗಿದಿದ್ದಾರೆ ಎಂಬ ಸುದ್ದಿ ಸ್ಕಾಟ್ಲೆಂಡಿಗೆ ಮುಟ್ಟಿದಾಗ ಬೇರ್ಡನ ತಾಯಿ, ತನ್ನ ಮಗನ ಜೊತೆ ಕಟ್ಟಿಸಿಕೊಂಡವನ ಪಾಡು ನೆನೆದು ಮರುಗಿದಳಂತೆ. ಅಂಥ ಮುಂಗೋಪಿ ಅವನು.

ಬೇರ್ಡ್ ಸುಮಾರು ಮೂರೂಮುಕ್ಕಾಲು ವರ್ಷ ಕತ್ತಲಕೋಣೆಯಲ್ಲಿ ಕಳೆದು, 1784ರ ಮಂಗಳೂರು ಒಪ್ಪಂದದ ನಂತರ ಬಿಡುಗಡೆಯಾದ. ಹದಿನೈದು ವರ್ಷ ಕಳೆದು, 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳು ಅವನೇ. ಅಂದು ಸಂಜೆಯ ಹೊತ್ತಿಗೆ ಟಿಪ್ಪು ಹೆಣವಾಗಿದ್ದ. ಬಿಟ್ಟು ಕಳಿಸಿದ ಕೈದಿ ತಿರುಗಿ ಬಂದು ಬಾಗಿಲು ಒಡೆಯುತ್ತಾನೆ ಎಂಬ ಭಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆ ಭಯಕ್ಕೆ ಎರಡು ಮದ್ದು: ಒಂದು, ಕೈದಿಯನ್ನು ಕೊಳೆಯಲು ಬಿಡುವುದು, ಇನ್ನೊಂದು, ಗಾಯಾಳುವನ್ನು ಮನೆಗೆ ಕಳಿಸಿ, ಅವನ ದೇಶದಿಂದ ಮಾತು ತೆಗೆದುಕೊಳ್ಳುವುದು. 117ನೇ ವಿಧಿ ಆ ಎರಡನೆಯದು.

ಮಗ ಎಂಬ ಗುರುತಿಗೆ ಬೆಲೆ ಕಟ್ಟಿದ ಕಥೆಯೂ ಅದೇ ಕೋಟೆಯದು. 1792ರಲ್ಲಿ ಸೋತ ಟಿಪ್ಪು 3 ಕೋಟಿ 30 ಲಕ್ಷ ರೂಪಾಯಿ ದಂಡ ಕಟ್ಟುವವರೆಗೆ ತನ್ನ ಇಬ್ಬರು ಗಂಡುಮಕ್ಕಳನ್ನು ಕಾರ್ನ್‌ವಾಲಿಸನಿಗೆ ಒತ್ತೆ ಕೊಡಬೇಕಾಯಿತು. ಮಕ್ಕಳು ಮರಳಿದ್ದು 1794ರಲ್ಲಿ. ಅಪ್ಪ ಯಾರು ಎಂಬುದೇ ಅವರ ಸೆರೆಗೂ ಕಾರಣ, ಬಿಡುಗಡೆಗೂ ಕಾರಣ. ಜನರಲ್ ಕಾರ್ಯಪ್ಪ 1965ರಲ್ಲಿ ಮುರಿದದ್ದು ಈ ಹಳೆಯ ಲೆಕ್ಕಾಚಾರವನ್ನು. ಎಲ್ಲರನ್ನೂ ಬಿಡಿ ಎಂದಾಗ ಅವರು, ಉದ್ದೇಶಪಟ್ಟೋ ಇಲ್ಲದೆಯೋ, ಜಿನೀವಾ ಒಪ್ಪಂದದ ಭಾಷೆಯನ್ನೇ ಆಡಿದರು: ದರ್ಜೆ ನೋಡಬೇಡಿ. ಅದಕ್ಕೆ ಇನ್ನೊಂದು ಮಾತು ಸೇರಿದರೆ ವಾಕ್ಯ ಪೂರ್ತಿಯಾಗುತ್ತದೆ: ಗಾಯ ನೋಡಿ.

ಇಂಥ ನಿಯಮ ಕಾಗದದ ಮೇಲಷ್ಟೇ ಚೆನ್ನ, ರಣರಂಗದಲ್ಲಿ ಯಾರು ಕೇಳುತ್ತಾರೆ ಎಂದು ಮೂಗು ಮುರಿಯುವವರಿದ್ದಾರೆ. ಎರಡನೇ ಮಹಾಯುದ್ಧ ಉರಿಯುತ್ತಿದ್ದ 1943ರ ಅಕ್ಟೋಬರ್‌ನಲ್ಲಿ ಬ್ರಿಟನ್ ಮತ್ತು ಹಿಟ್ಲರನ ಜರ್ಮನಿ ತಮ್ಮಲ್ಲಿದ್ದ ಗಾಯಾಳು ಕೈದಿಗಳನ್ನು ತಟಸ್ಥ ಸ್ವೀಡನ್ನಿನ ಗೋಥೆನ್‌ಬರ್ಗ್ ಬಂದರಿನಲ್ಲಿ ಅದಲುಬದಲು ಮಾಡಿಕೊಂಡವು. ಕೈ ಕಾಲು ಕಳೆದುಕೊಂಡವರು, ಕಣ್ಣು ಹೋದವರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಹಡಗು ಹತ್ತಿದರು. ಒಬ್ಬರ ಊರಿನ ಮೇಲೆ ಒಬ್ಬರು ಬಾಂಬು ಹಾಕುತ್ತಿದ್ದ ದಿನಗಳಲ್ಲೇ ಇದು ನಡೆಯಿತು. ಹಿಟ್ಲರನ ಕಾಲದಲ್ಲಿ ಆಗಿದ್ದು ದೆಹಲಿ–ಇಸ್ಲಾಮಾಬಾದ್ ನಡುವೆ ಆಗದು ಎನ್ನಲು ಕಾರಣ ಕಾಣುವುದಿಲ್ಲ.

1971ರ ನೆನಪು ಕಹಿ. ಡಿಸೆಂಬರ್ 5ರಂದು ಸುಖೋಯ್–7 ವಿಮಾನದಿಂದ ಚಿಮ್ಮಿ ಬಿದ್ದ ಸ್ಕ್ವಾಡ್ರನ್ ಲೀಡರ್ ಧೀರೇಂದ್ರ ಜಾಫಾ ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡೇ ಸೆರೆಯಾದರು, ಆ ದಿನಗಳನ್ನು ಮುಂದೆ ಪುಸ್ತಕವಾಗಿ ಬರೆದರು. ಯುದ್ಧ ಡಿಸೆಂಬರ್ 17ಕ್ಕೆ ನಿಂತಿತು. ಸಕ್ರಿಯ ಕದನ ನಿಂತ ಮೇಲೆ ತಡಮಾಡದೆ ಎಲ್ಲ ಕೈದಿಗಳನ್ನೂ ಬಿಡಬೇಕು ಎನ್ನುತ್ತದೆ 118ನೇ ವಿಧಿ. ಎಂಟು ತಿಂಗಳಾದರೂ ಬಿಡುಗಡೆಯ ಸುಳಿವಿಲ್ಲದಾಗ, 1972ರ ಆಗಸ್ಟ್ 13ರ ರಾತ್ರಿ ದಿಲೀಪ್ ಪರುಲ್ಕರ್, ಮಲ್ವಿಂದರ್ ಸಿಂಗ್ ಗ್ರೆವಾಲ್, ಹರೀಶ್ ಸಿಂಹಜಿ ಎಂಬ ಮೂವರು ಪೈಲಟ್‌ಗಳು ರಾವಲ್ಪಿಂಡಿಯ ಶಿಬಿರದ ಗೋಡೆ ಕೊರೆದು ಪಾರಾದರು. ಅಫ್ಘಾನಿಸ್ತಾನದ ಗಡಿ ಕಣ್ಣಳತೆಯಲ್ಲಿದ್ದಾಗ ಲಂಡಿ ಕೋತಲ್‌ನಲ್ಲಿ ಸಿಕ್ಕಿಬಿದ್ದರು. ಅವರು ದಾರಿ ಕೇಳಿದ್ದು ಲಂಡಿ ಖಾನಾ ರೈಲು ನಿಲ್ದಾಣಕ್ಕೆ. ಆ ನಿಲ್ದಾಣ 1932ರಲ್ಲೇ ಮುಚ್ಚಿಹೋಗಿತ್ತು. ಹಳೆಯ ನಕ್ಷೆ ಕೈಕೊಟ್ಟಿತು.

ಅವರೂ ಸೇರಿ 600ಕ್ಕೂ ಹೆಚ್ಚು ಭಾರತೀಯ ಕೈದಿಗಳು ವಾಘಾ ದಾಟಿ ಬಂದದ್ದು ಡಿಸೆಂಬರ್ 1ರಂದು, ಯುದ್ಧ ನಿಂತು ವರ್ಷವಾಗುತ್ತ ಬಂದಾಗ.

ಬೈಗುಳವನ್ನೆಲ್ಲ ಆ ಕಡೆಗೇ ಎಸೆದು ಕೈ ತೊಳೆದುಕೊಳ್ಳುವಂತಿಲ್ಲ. ಢಾಕಾದಲ್ಲಿ ಶರಣಾದ ಸುಮಾರು 93,000 ಮಂದಿ ಭಾರತದ ಶಿಬಿರಗಳಲ್ಲಿದ್ದರು, ಅವರಲ್ಲಿ ಸೈನಿಕರಲ್ಲದವರೂ ಇದ್ದರು. ಬಾಂಗ್ಲಾದೇಶದ ಮಾನ್ಯತೆ, ಯುದ್ಧಾಪರಾಧಗಳ ವಿಚಾರಣೆ ಎಂಬ ರಾಜಕೀಯ ಗಂಟುಗಳು ಬಿಚ್ಚಿಕೊಂಡು 1973ರ ಆಗಸ್ಟ್‌ನಲ್ಲಿ ದೆಹಲಿ ಒಪ್ಪಂದವಾಗಿ, ಕೊನೆಯ ತಂಡ ಹೊರಟದ್ದು 1974ರ ಏಪ್ರಿಲ್‌ನಲ್ಲಿ. ಭಾರತ ಅವರನ್ನು ಚೆನ್ನಾಗಿ ನೋಡಿಕೊಂಡಿತು ಎಂಬ ಮಾತಿಗೆ ಆಧಾರವಿದೆ. ಆದರೆ ‘ತಡಮಾಡದೆ’ ಎಂಬ ಪದಕ್ಕೆ ಎರಡು ವರ್ಷ ಮೀರಿದ ಅರ್ಥ ಕೊಟ್ಟದ್ದರಲ್ಲಿ ದೆಹಲಿಯ ಪಾಲೂ ಇದೆ. ಕೈದಿಯನ್ನು ಮಾತುಕತೆಯ ಮೇಜಿನ ಮೇಲೆ ಪಣವಾಗಿ ಇಡುವ ಚಾಳಿ ಒಂದೇ ಕಡೆಯದಲ್ಲ.

ಕಾರ್ಗಿಲ್ ಈ ಎಲ್ಲದರ ಎರಡು ತುದಿಗಳನ್ನು ಎರಡು ವಾರಗಳಲ್ಲಿ ತೋರಿಸಿತು. 1999ರ ಮೇ 27ರಂದು ಮಿಗ್–27ರ ಎಂಜಿನ್ ಆರಿಹೋಗಿ ಹೊರಚಿಮ್ಮಿದ ಫ್ಲೈಟ್ ಲೆಫ್ಟಿನೆಂಟ್ ಕೆ. ನಚಿಕೇತ ಸೆರೆಯಾದರು. ಮೊದಲು ಹೊಡೆತ ಬಿತ್ತು. ಹಿರಿಯ ಪಾಕಿಸ್ತಾನಿ ಅಧಿಕಾರಿಯೊಬ್ಬರು ಬಂದು ತಡೆದರು ಎಂದು ನಚಿಕೇತ ಅವರೇ ಹೇಳಿದ್ದಾರೆ. ಎಂಟನೇ ದಿನ, ಜೂನ್ 3ರಂದು, ರೆಡ್ ಕ್ರಾಸ್ ಮೂಲಕ ಭಾರತದ ವಶಕ್ಕೆ ಬಂದರು. ಕ್ಯಾಮೆರಾಗಳ ಮುಂದೆ ಹಸ್ತಾಂತರದ ಸಮಾರಂಭ ಮಾಡುವುದಾದರೆ ತಾವು ಬರುವುದಿಲ್ಲ ಎಂದು ಇಸ್ಲಾಮಾಬಾದಿನಲ್ಲಿದ್ದ ಹೈಕಮಿಷನರ್ ಜಿ. ಪಾರ್ಥಸಾರಥಿ ಪಟ್ಟು ಹಿಡಿದಿದ್ದರು. ಯುದ್ಧಕೈದಿಯನ್ನು ಜನರ ಕುತೂಹಲಕ್ಕೆ ಒಡ್ಡಬಾರದು ಎಂಬ 13ನೇ ವಿಧಿಗೆ ಅವರು ಕೊಟ್ಟ ಬೆಲೆ ಅದು. ಅದೇ ಜೂನ್ 9ರಂದು ಕ್ಯಾಪ್ಟನ್ ಸೌರಭ್ ಕಾಲಿಯಾ ಮತ್ತು ಐವರು ಸೈನಿಕರು ಶವಗಳಾಗಿ ಮರಳಿದರು. ಮೈಮೇಲೆ ಚಿತ್ರಹಿಂಸೆಯ ಗುರುತುಗಳಿದ್ದವು. ಒಂದೇ ಯುದ್ಧ, ಒಂದೇ ಒಪ್ಪಂದ, ಒಂದೇ ಎದುರಾಳಿ.

ನಚಿಕೇತ ಆ ಪೆಟ್ಟಿನ ನಂತರ ಯುದ್ಧವಿಮಾನಗಳಿಗೆ ಮರಳಲಾಗದೆ ಸಾಗಣೆ ವಿಮಾನಗಳನ್ನು ಹಾರಿಸಿದರು. ಕಾರಣ ಬೆನ್ನು.

ಈ ಬೆನ್ನಿನ ಸಂಗತಿಯನ್ನು ಸ್ವಲ್ಪ ನಿಂತು ನೋಡಬೇಕು. ಪೈಲಟ್ ಹಿಡಿಕೆ ಎಳೆದ ಕೂಡಲೇ ಆಸನದ ಕೆಳಗಿನ ಸ್ಫೋಟಕ ಅವನನ್ನು ಸೀಟಿನ ಸಮೇತ ಹೊರಕ್ಕೆ ಎಸೆಯುತ್ತದೆ. ಆ ಕ್ಷಣಾರ್ಧದಲ್ಲಿ ಅವನ ಮೈ ಅವನ ತೂಕದ ಹತ್ತಾರು ಪಟ್ಟು ಭಾರವನ್ನು ಹೊರುತ್ತದೆ, ಹೊರುವುದು ಬೆನ್ನುಮೂಳೆ. ಕೂತ ಭಂಗಿ ಕೊಂಚ ಓರೆಯಾಗಿದ್ದರೂ ಕಶೇರುಗಳು ಜಜ್ಜಿಹೋಗುತ್ತವೆ. ಪ್ರಾಣ ಉಳಿಸುವ ಯಂತ್ರವೇ ಮೂಳೆ ಮುರಿಯುತ್ತದೆ. ಹೀಗೆ ಚಿಮ್ಮಿ ಬಂದವರ ಬೆನ್ನು ಮತ್ತೆ ಹಾರಾಟಕ್ಕೆ ಯೋಗ್ಯವೇ ಎಂದು ಪರೀಕ್ಷಿಸುವ ದೇಶದ ಮುಖ್ಯ ಸಂಸ್ಥೆ, ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ, ಇರುವುದು ಬೆಂಗಳೂರಿನಲ್ಲೇ. ಸೆರೆಯಾದ ಪೈಲಟ್ ಹೊರಗೆ ನೋಡಲು ಗಟ್ಟಿಮುಟ್ಟಾಗಿ ಕಂಡರೂ ಒಳಗೆ ಗಾಯಾಳು ಆಗಿರುವ ಸಂಭವ ಬಹಳ. ನೆಲಕ್ಕೆ ಬಿದ್ದವನನ್ನು ಎತ್ತಿ ಎಳೆದಾಡಿದರೆ, ಹೊಡೆದರೆ, ವಾಸಿಯಾಗಬಹುದಾದ ಪೆಟ್ಟು ಜೀವನಪೂರ್ತಿ ಉಳಿಯಬಹುದು.

2019ರ ಫೆಬ್ರುವರಿ 27ರಂದು ಟಿ.ವಿ. ಪರದೆಯ ಮೇಲೆ ದೇಶ ಕಂಡದ್ದು ಅದನ್ನೇ. ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನ್ ಅವರ ಮಿಗ್–21 ಉರುಳಿದ ಮೇಲೆ, ಗುಂಪಿನ ಹೊಡೆತ, ರಕ್ತ ಸುರಿವ ಮುಖ, ಕಟ್ಟಿದ ಕಣ್ಣು, ಚಹಾದ ಲೋಟ ಎಲ್ಲವೂ ಮೊಬೈಲಿನಿಂದ ಮೊಬೈಲಿಗೆ ಹರಿದವು. ಮಾರ್ಚ್ 1ರ ರಾತ್ರಿ ಅವರು ವಾಘಾ ದಾಟಿದರು. ಸೆರೆವಾಸ ಮೂರು ದಿನವೂ ತುಂಬಲಿಲ್ಲ. ಇಸ್ಲಾಮಾಬಾದ್ ಅದನ್ನು ಶಾಂತಿಯ ಸಂಕೇತ ಎಂದು ಕರೆಯಿತು. ಇಲ್ಲಿನ ಸ್ಟುಡಿಯೋಗಳು ತಮ್ಮ ಗದ್ದಲಕ್ಕೆ ಸಿಕ್ಕ ಜಯ ಎಂದವು. ಎರಡೂ ಕಡೆ ಒಪ್ಪಂದದ ಹೆಸರು ಬಂದದ್ದು ಬೈಯಲಿಕ್ಕೆ ಮಾತ್ರ. ಗಾಯಾಳುವಿಗೆ ಹಕ್ಕಿದೆ, ಅದಕ್ಕೆ ವೈದ್ಯರ ಆಯೋಗವಿದೆ ಎಂದು ಹೇಳಿದವರು ಬೆರಳೆಣಿಕೆ. ಅದೇ ಸೆಪ್ಟೆಂಬರಿನಲ್ಲಿ ಅಭಿನಂದನ್, ಆಗಿನ ವಾಯುಪಡೆ ಮುಖ್ಯಸ್ಥ ಬಿ.ಎಸ್. ಧನೋವಾ ಅವರ ಜೊತೆ ಮತ್ತೆ ಮಿಗ್–21 ಏರಿದರು. ಅವರ ಬಿಡುಗಡೆ ವೈದ್ಯಕೀಯ ನೆಲೆಯ ಮೇಲೆ ಆದದ್ದಲ್ಲವಾದ್ದರಿಂದ ಅದಕ್ಕೆ 117ನೇ ವಿಧಿಯ ಅಡ್ಡಿ ಇರಲಿಲ್ಲ.

ತುಮಕೂರು ಸೀಮೆಗೆ ಈ ಸಂಗತಿ ದೂರದ್ದಲ್ಲ. ಬೆಳ್ಳಾವಿಯ ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ, 615 ಎಕರೆಯಲ್ಲಿ, ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ನಿಂತಿದೆ. ಶಂಕುಸ್ಥಾಪನೆ 2016ರಲ್ಲಿ, ಉದ್ಘಾಟನೆ 2023ರ ಫೆಬ್ರುವರಿ 6ರಂದು. ನಾಟಕಕ್ಕೆ, ಗುಬ್ಬಿ ವೀರಣ್ಣನವರಿಗೆ ಹೆಸರಾದ ಊರಿನ ಮಗ್ಗುಲಲ್ಲಿ ಮೊದಲಿಗೆ ತಯಾರಾಗಬೇಕಿರುವುದು ಲಘು ಬಳಕೆಯ ಹೆಲಿಕಾಪ್ಟರ್. ಸಿಯಾಚಿನ್‌ನಂಥ ಎತ್ತರದಲ್ಲಿ ದಶಕಗಳಿಂದ ಗಾಯಾಳುಗಳನ್ನು ಹೊತ್ತು ಇಳಿಸಿದ ಚೀತಾ, ಚೇತಕ್‌ಗಳ ಜಾಗಕ್ಕೆ ಅದು ಬರಬೇಕು. ಕಾರ್ಖಾನೆಯಲ್ಲಿ ಊರ ಹುಡುಗರಿಗೆ ಎಷ್ಟು ಕೆಲಸ ಎಂಬ ಪ್ರಶ್ನೆ ಸುತ್ತಲ ಹಳ್ಳಿಗಳಲ್ಲಿ ಸಹಜ. ಅದರ ಜೊತೆಗೆ ಇನ್ನೊಂದನ್ನೂ ಕೇಳಬಹುದು: ಬಿದ್ದ ಪೈಲಟ್‌ನನ್ನು ಶತ್ರು ಮುಟ್ಟುವ ಮೊದಲೇ ಎತ್ತಿ ತರುವ ಶೋಧ–ರಕ್ಷಣಾ ಪಡೆಗೆ ನಾವು ಎಷ್ಟು ಗಮನ ಕೊಟ್ಟಿದ್ದೇವೆ? ಸೆರೆಯೇ ಆಗದ ಗಾಯಾಳುವಿಗೆ ಯಾವ ಅಧ್ಯಕ್ಷನ ಔದಾರ್ಯವೂ ಬೇಕಿಲ್ಲ.

ಬೆಳ್ಳಾವಿಯ ಹೆಸರಿಗೆ ಇನ್ನೊಂದು ನಂಟೂ ಇದೆ. 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ ಸೇರಿ ಹೊರತಂದವರು ಬೆಳ್ಳಾವೆ ವೆಂಕಟನಾರಣಪ್ಪ. ಭೌತಶಾಸ್ತ್ರದ ಮೇಷ್ಟರಾಗಿದ್ದ ಅವರಿಗೆ, ಇಂಗ್ಲಿಷು ಬಾರದವರಿಗೂ ವಿಷಯ ಮುಟ್ಟಬೇಕೆಂಬ ಹಟ. ಯುದ್ಧದ ಕಾನೂನಿಗೂ ಅಂಥ ಒಬ್ಬ ಮೇಷ್ಟರು ಬೇಕಾಗಿದ್ದಾರೆ. ಯುದ್ಧದ ಸುದ್ದಿ ಕನ್ನಡದಲ್ಲಿ ದಿನದ 24 ಗಂಟೆಯೂ ಬರುತ್ತದೆ. ಮಗ ಸೇನೆಯಲ್ಲಿರುವ ಕುಣಿಗಲ್ಲಿನ ತಾಯಿಗೆ, ಅವನು ಸೆರೆಸಿಕ್ಕರೆ ಅವನಿಗೆ ಯಾವ ಹಕ್ಕುಗಳಿವೆ, ಯಾವ ಕಚೇರಿಗೆ ಬರೆಯಬೇಕು, ರೆಡ್ ಕ್ರಾಸ್ ಪತ್ರ ಹೇಗೆ ಬರುತ್ತದೆ ಎಂದು ಹೇಳುವ ನಾಲ್ಕು ಪುಟ ಅವಳ ಕೈಗೆ ಸಿಗಬೇಕಲ್ಲ. ಸೈನಿಕ ಕಲ್ಯಾಣ ಇಲಾಖೆ ಮನಸ್ಸು ಮಾಡಿದರೆ ಒಂದು ತಿಂಗಳ ಕೆಲಸ.

ಇನ್ನು, ಮರಳದೇ ಹೋದವರು. ನಂದಾ ಸೆರೆಯಾದ ಅದೇ ಸೆಪ್ಟೆಂಬರಿನ 7ರಂದು ಕೊಡಗಿನ ಇನ್ನೊಬ್ಬ ಪೈಲಟ್, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ, ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದವರು ಬರಲಿಲ್ಲ. ಕಾಣೆಯಾದವರು ಎಂದಷ್ಟೇ ದಾಖಲೆ. ಪಾಕಿಸ್ತಾನ ವಾಯುಪಡೆಯ ನೆರವಿನಿಂದಲೇ ಬರೆದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರ ಪುಸ್ತಕ 1979ರಲ್ಲಿ ಬಂದಾಗ ನಿಜ ಬಯಲಾಯಿತು: ತಮ್ಮ ಹಳೆಯ ಮಿಸ್ಟೇರ್ ವಿಮಾನದಲ್ಲಿ ದೇವಯ್ಯ, ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ಅನ್ನು ಎದುರಿಸಿ ಹೊಡೆದುರುಳಿಸಿದ್ದರು. ಅವರ ದೇಹವನ್ನು ಅಲ್ಲಿನ ಹಳ್ಳಿಗರೇ ಮಣ್ಣು ಮಾಡಿದ್ದರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಕಳೆದು. 2025ರ ಜನವರಿಯಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಹಿಂದಿ ಸಿನಿಮಾಕ್ಕೆ ಮೂಲ ಈ ಕಥೆಯೇ. ಒಂದೇ ಜಿಲ್ಲೆಯ ಇಬ್ಬರು. ಒಬ್ಬರು ನಾಲ್ಕು ತಿಂಗಳಲ್ಲಿ ಮನೆಗೆ, ಇನ್ನೊಬ್ಬರ ಸುದ್ದಿ ಮನೆಗೆ ಮುಟ್ಟಲು ಹದಿನಾಲ್ಕು ವರ್ಷ.

ಸುದ್ದಿಯೂ ಬಾರದವರ ಪಟ್ಟಿ ಬೇರೆಯೇ ಇದೆ. ‘ಕಾಣೆಯಾದ 54 ಮಂದಿ’ ಎಂದೇ ಅದಕ್ಕೆ ಹೆಸರು. ಪಾಕಿಸ್ತಾನ ತನ್ನಲ್ಲಿ ಯಾರೂ ಇಲ್ಲ ಎನ್ನುತ್ತದೆ. ಅವರಲ್ಲಿ ಒಬ್ಬರು ಫ್ಲೈಟ್ ಲೆಫ್ಟಿನೆಂಟ್ ವಿಜಯ್ ವಸಂತ ತಾಂಬೆ, 1971ರ ಡಿಸೆಂಬರ್‌ನಲ್ಲಿ ಸುಖೋಯ್–7 ಸಮೇತ ಬಿದ್ದವರು. ಸೆರೆಸಿಕ್ಕ ಐವರು ಪೈಲಟ್‌ಗಳ ಹೆಸರನ್ನು ಆಗಲೇ ‘ಪಾಕಿಸ್ತಾನ್ ಅಬ್ಸರ್ವರ್’ ಪತ್ರಿಕೆ ಪ್ರಕಟಿಸಿತ್ತು, ಅದರಲ್ಲಿ ‘ಟೋಂಬೆ’ ಎಂಬ ಹೆಸರೂ ಇತ್ತು. ಅವರ ಪತ್ನಿ, ಬ್ಯಾಡ್ಮಿಂಟನ್ ರಾಷ್ಟ್ರೀಯ ಚಾಂಪಿಯನ್ ದಮಯಂತಿ ತಾಂಬೆ, ದಶಕಗಳ ಕಾಲ ಕಚೇರಿಯಿಂದ ಕಚೇರಿಗೆ ಅಲೆದರು. 2007ರಲ್ಲಿ ಕೆಲವು ಕುಟುಂಬಗಳವರನ್ನು ಪಾಕಿಸ್ತಾನದ ಜೈಲುಗಳಿಗೆ ಕರೆದೊಯ್ದರೂ ಯಾರೂ ಸಿಗಲಿಲ್ಲ.

ಸೇನಾ ಕುಟುಂಬಗಳ ನಾಡಾದ ಕೊಡಗಿನ ಸಂಸದರೂ ಹೆಲಿಕಾಪ್ಟರ್ ಕಟ್ಟುವ ನಾಡಾದ ತುಮಕೂರಿನ ಸಂಸದರೂ ಮುಂದಿನ ಅಧಿವೇಶನದಲ್ಲಿ ಸರ್ಕಾರಕ್ಕೆ ಮೂರು ಪ್ರಶ್ನೆ ಕೇಳಲಿ. ಪಾಕಿಸ್ತಾನದೊಡನೆ ಮುಂದೆ ಕದನ ಹೊತ್ತಿಕೊಂಡರೆ, ಗಾಯಾಳು ಕೈದಿಗಳನ್ನು ಪರೀಕ್ಷಿಸುವ ಮಿಶ್ರ ವೈದ್ಯಕೀಯ ಆಯೋಗಕ್ಕೆ ತಟಸ್ಥ ವೈದ್ಯರನ್ನು ಗೊತ್ತುಮಾಡುವ ಸಿದ್ಧತೆ ಇದೆಯೇ? ಕಾಣೆಯಾದ ಸೈನಿಕರ ವಿಷಯವನ್ನು ಕಳೆದ ಹತ್ತು ವರ್ಷಗಳಲ್ಲಿ ಯಾವ ಯಾವ ದಿನ, ಯಾರ ಮುಂದೆ ಎತ್ತಲಾಗಿದೆ? ಆ ಪಟ್ಟಿಯಲ್ಲಿ ಕರ್ನಾಟಕದವರು ಎಷ್ಟು ಮಂದಿ? ಉತ್ತರಗಳು ಕಡತದಲ್ಲಿ ಬರಲಿ, ಕನ್ನಡಕ್ಕೂ ಬರಲಿ. ಸೆರೆಸಿಕ್ಕವರೆಂದು ನಂಬಲಾದವರ ಹೆಸರುಗಳನ್ನು ಸರ್ಕಾರ ಲೋಕಸಭೆಯ ಮುಂದೆ ಮೊದಲ ಬಾರಿ ಇಟ್ಟದ್ದು 1979ರಲ್ಲಿ. ಆ ಕಾಗದ ಈಗಲೂ ಸಂಸತ್ತಿನ ದಾಖಲೆಯಲ್ಲಿದೆ.